ಕಾಲು ತೆಗೆದರೂ ಬಿಡದ ಮುಂದಿನ ಬ್ರೇಕ್

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಪಿಕಪ್‌ನ ಮುಂದಿನ ಬ್ರೇಕ್ ಕಾಯುವುದರ ಬಗ್ಗೆಯೇ ಇವೆ. ಲಕ್ಷಣ ಒಂದೇ, ರೋಗ ನಾಲ್ಕೂ ಬೇರೆ. ಹಾಗಾಗಿ ಇಡೀ ಪುಟವನ್ನು ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನದು ಹನ್ನೊಂದು ವರ್ಷ ಹಳೆಯ ಪಿಕಪ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಬೆಳಿಗ್ಗೆ ಹೊರಟಾಗ ಗಾಡಿ ಹಗುರಾಗಿ ಓಡುತ್ತದೆ. ಹದಿನೈದು ಇಪ್ಪತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಪೆಡಲ್ ಮೇಲೆ ಬಂದು ಗಟ್ಟಿಯಾಗುತ್ತದೆ, ಯಾರೋ ಹಿಂದಿನಿಂದ ಹಿಡಿದು ಎಳೆದಂತಾಗುತ್ತದೆ, ಮುಂದಿನ ಎರಡೂ ಚಕ್ರಗಳಿಂದ ಸುಟ್ಟ ವಾಸನೆ. ಅರ್ಧ ಗಂಟೆ ನಿಲ್ಲಿಸಿದರೆ ತಾನಾಗಿಯೇ ಸರಿಹೋಗುತ್ತದೆ. ಮೊದಲು ಪ್ಯಾಡ್ ಬದಲಿಸಿದೆ, ಆಮೇಲೆ ಡಿಸ್ಕ್, ಕೊನೆಗೆ ಎರಡೂ ಕ್ಯಾಲಿಪರ್. ಏನೂ ಪ್ರಯೋಜನವಾಗಲಿಲ್ಲ. ಅದಕ್ಕೆ ಮುಂಚೆ, ಆರು ತಿಂಗಳ ಹಿಂದೆ ಬೂಸ್ಟರ್ ಹೊಸದು ಹಾಕಿಸಿದ್ದು ಬಿಟ್ಟರೆ ಬ್ರೇಕಿಗೆ ಯಾವ ಕೆಲಸವೂ ಆಗಿರಲಿಲ್ಲ. ಇನ್ನು ಏನು ಬದಲಿಸಲಿ?

ಉತ್ತರ: ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ನಿಮ್ಮ ಪತ್ರದ ಕೊನೆಗೆ, ಹೇಳಲೋ ಬೇಡವೋ ಎಂಬಂತೆ ಒಂದು ಸಾಲು ಬರೆದಿದ್ದೀರಿ: ಆರು ತಿಂಗಳ ಹಿಂದೆ ಬೂಸ್ಟರ್, ಅಂದರೆ ಪೆಡಲ್ ಒತ್ತುವ ಕಾಲಿನ ಬಲ ಹೆಚ್ಚಿಸುವ ಭಾಗ, ಬದಲಾಗಿದೆ. ಗಾಡಿ ನನ್ನ ಮುಂದಿದ್ದರೆ ನಾನು ಕೈ ಹಾಕುತ್ತಿದ್ದದ್ದು ಮೊದಲು ಅಲ್ಲಿಗೇ.

ಬ್ರೇಕ್ ಹಿಡಿಯುವುದು ಹೇಗೆ ಎಂದು ಎಲ್ಲರೂ ಯೋಚಿಸುತ್ತಾರೆ. ಬಿಡುವುದು ಹೇಗೆ ಎಂದು ಯೋಚಿಸುವವರು ಕಡಿಮೆ. ಹಿಂದಿನ ಡ್ರಮ್‌ನಲ್ಲಿ ಲೈನರ್‌ಗಳನ್ನು ಒಳಕ್ಕೆ ಎಳೆಯಲು ಗಟ್ಟಿ ಸ್ಪ್ರಿಂಗ್‌ಗಳಿವೆ. ಮುಂದಿನ ಡಿಸ್ಕಿನಲ್ಲಿ ಪಿಸ್ಟನ್ ಎಳೆಯಲು ಸ್ಪ್ರಿಂಗೇ ಇಲ್ಲ. ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಒಳಗೆ, ಪ್ಯಾಡನ್ನು ತಳ್ಳುವ ಪಿಸ್ಟನ್ನಿನ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇರುತ್ತದೆ. ಪೆಡಲ್ ಒತ್ತಿದಾಗ ಪಿಸ್ಟನ್ ಮುಂದೆ ಸರಿಯುತ್ತದೆ, ಸೀಲ್ ಅದರ ಜೊತೆ ಸ್ವಲ್ಪ ವಾಲಿಕೊಳ್ಳುತ್ತದೆ. ಕಾಲು ತೆಗೆದಾಗ ಸೀಲ್ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಡಿಸ್ಕ್ ಬ್ರೇಕ್ ಬಿಡುವುದೆಂದರೆ ಇಷ್ಟೇ. ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿದರೂ ಆ ರಬ್ಬರಿಗೆ ಪಿಸ್ಟನ್ ಎಳೆಯುವ ಶಕ್ತಿ ಸಾಲದು, ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ.

ಒತ್ತಡ ಇಳಿಯಲು ಒಂದು ದಾರಿ ಬೇಕಲ್ಲವೇ? ಪೆಡಲ್ ಒತ್ತಿದಾಗ ಬ್ರೇಕ್ ಫ್ಲೂಯಿಡನ್ನು ಚಕ್ರಗಳ ಕಡೆಗೆ ತಳ್ಳುವುದು ಮಾಸ್ಟರ್ ಸಿಲಿಂಡರ್. ಹೆಚ್ಚಿನ ಮಾಸ್ಟರ್ ಸಿಲಿಂಡರ್‌ಗಳಲ್ಲಿ, ಪಿಸ್ಟನ್ ಪೂರ್ತಿ ಹಿಂದೆ ಬಂದು ನಿಂತಾಗ ಮಾತ್ರ ತೆರೆದುಕೊಳ್ಳುವ, ಸೂಜಿ ತೂರುವಷ್ಟು ಸಣ್ಣ ತೂತು ಇರುತ್ತದೆ. ಬಿಸಿಗೆ ಹಿಗ್ಗಿದ ಫ್ಲೂಯಿಡ್ ಆ ತೂತಿನ ಮೂಲಕ ಮೇಲಿನ ಡಬ್ಬಿಗೆ ವಾಪಸಾಗುತ್ತದೆ. ಬೂಸ್ಟರ್‌ನಿಂದ ಹೊರಚಾಚಿದ ಪುಶ್ ರಾಡ್ ಇರಬೇಕಾದ್ದಕ್ಕಿಂತ ಒಂದು ಮಿಲಿಮೀಟರ್ ಉದ್ದವಿದ್ದರೂ ಮಾಸ್ಟರ್ ಪಿಸ್ಟನ್ನನ್ನು ಸದಾ ತುಸು ಒತ್ತಿ ಹಿಡಿದಿರುತ್ತದೆ, ತೂತು ಮುಚ್ಚಿಯೇ ಇರುತ್ತದೆ. ತಣ್ಣಗಿರುವಾಗ ಏನೂ ಗೊತ್ತಾಗುವುದಿಲ್ಲ. ಹತ್ತಾರು ಸಲ ಬ್ರೇಕ್ ಹಾಕಿ ಫ್ಲೂಯಿಡ್ ಕಾದ ಮೇಲೆ, ಹಿಗ್ಗಿದ್ದಕ್ಕೆ ಹೋಗಲು ಜಾಗವಿಲ್ಲದೆ ಪ್ಯಾಡನ್ನು ಅದೇ ಒತ್ತಲು ಶುರು ಮಾಡುತ್ತದೆ. ಪ್ಯಾಡ್ ಉಜ್ಜಿ ಮತ್ತಷ್ಟು ಬಿಸಿ, ಮತ್ತಷ್ಟು ಹಿಗ್ಗು. ಪೆಡಲ್ ಮೇಲೆದ್ದು ಕಲ್ಲಾಗುತ್ತದೆ. ಅರ್ಧ ಗಂಟೆ ನಿಂತರೆ ತಣಿದು, ಕುಗ್ಗಿ, ಬಿಡುತ್ತದೆ. ನೀವು ಬರೆದಿರುವುದು ಸಾಲು ಸಾಲಾಗಿ ಇದೇ.

ಆದರೂ ನನ್ನ ಮಾತು ನಂಬಿ ಪುಶ್ ರಾಡ್ ತಿರುಗಿಸಲು ಹೋಗಬೇಡಿ. ಗಾಡಿಯೇ ಹೇಳಲಿ. ಎಂಜಿನ್ ಆರಿಸಿ, ಪೆಡಲನ್ನು ಐದಾರು ಸಲ ಒತ್ತಿ ಬೂಸ್ಟರ್‌ನ ವ್ಯಾಕ್ಯೂಮ್ ಖಾಲಿ ಮಾಡಿ. ಈಗ ಪೆಡಲನ್ನು ಒಂದೇ ಬೆರಳಲ್ಲಿ ಮೆಲ್ಲಗೆ ಒತ್ತಿ. ಭಾರ ಸಿಗುವ ಮುಂಚೆ ಕೆಲವು ಮಿಲಿಮೀಟರ್ ಸಡಿಲ ಸಿಗಬೇಕು. ಸಿಗದಿದ್ದರೆ ಪೆಡಲ್ ಮೇಲಿನ ಬ್ರೇಕ್ ಲೈಟ್ ಸ್ವಿಚ್ ನೋಡಿ. ಎಷ್ಟೋ ಗಾಡಿಗಳಲ್ಲಿ ಪೆಡಲ್ ಹಿಂದೆ ಬಂದು ತಾಗಿ ನಿಲ್ಲುವುದು ಆ ಸ್ವಿಚ್ಚಿಗೇ. ಯಾರಾದರೂ ಅದನ್ನು ಎರಡು ಸುತ್ತು ಹೆಚ್ಚಾಗಿ ಒಳಕ್ಕೆ ತಿರುಗಿಸಿದ್ದರೆ ಪೆಡಲ್ ಪೂರ್ತಿ ಮೇಲೆ ಬರುವುದೇ ಇಲ್ಲ, ಪುಶ್ ರಾಡ್ ಉದ್ದವಾದಾಗ ಆಗುವುದೆಲ್ಲ ಆಗಲೂ ಆಗುತ್ತದೆ.

ಆಮೇಲೆ ಗಾಡಿಯನ್ನು ಜನ, ವಾಹನ ಇಲ್ಲದ ಸಮತಟ್ಟು ಜಾಗದಲ್ಲಿ ನಿಧಾನವಾಗಿ ಓಡಿಸಿ, ಬ್ರೇಕ್ ಹಿಡಿದುಕೊಳ್ಳುವವರೆಗೆ ಬಿಸಿ ಮಾಡಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಮುಂಭಾಗ ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ಮೇಲೆ ನಂಬಿಕೆ ಬೇಡವೇ ಬೇಡ. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಚಕ್ರ ತಿರುಗಿಸಿ ನೋಡಿ, ಬಿಗಿಯಾಗಿರುತ್ತದೆ. ತಣಿಯಲು ಬಿಡದೆ, ಎಂಜಿನ್ ಆರಿಸಿಯೇ, ಮಾಸ್ಟರ್ ಸಿಲಿಂಡರನ್ನು ಬೂಸ್ಟರ್‌ಗೆ ಹಿಡಿದಿರುವ ಎರಡು ನಟ್‌ಗಳನ್ನು ಎರಡು ಮೂರು ಸುತ್ತು ಸಡಿಲಿಸಿ, ಸಿಲಿಂಡರನ್ನು ತುಸು ಮುಂದಕ್ಕೆ ಎಳೆಯಿರಿ. ಚಕ್ರ ಆ ಕ್ಷಣವೇ ಬಿಟ್ಟುಕೊಂಡರೆ ರೋಗ ಸಿಕ್ಕಿತು: ಪುಶ್ ರಾಡ್, ಅಥವಾ ಪೆಡಲ್, ಅಥವಾ ಹಿಂದೆ ಸರಿಯದ ಬೂಸ್ಟರ್. ಹೊಸ ಬೂಸ್ಟರ್ ಕೂರಿಸುವಾಗ ರಾಡಿನ ಉದ್ದ ಅಳೆಯದೆ ಕೂರಿಸಿರುತ್ತಾರೆ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಆ ಅಳತೆ ಮತ್ತು ಅಳೆಯುವ ಕ್ರಮ ಎರಡೂ ಇರುತ್ತವೆ. ಅಂದಾಜಿನ ಮೇಲೆ ಮೋಟು ಮಾಡಿದರೆ ಪೆಡಲ್ ಕೆಳಗಿಳಿದು ಬೇರೊಂದು ಅಪಾಯವಾಗುತ್ತದೆ.

ನಟ್ ಸಡಿಲಿಸಿದರೂ ಚಕ್ರ ಬಿಡಲಿಲ್ಲವೇ? ನಟ್ ಬಿಗಿದು, ಮಾಸ್ಟರ್ ಸಿಲಿಂಡರ್‌ನಿಂದ ಮುಂದಿನ ಬ್ರೇಕಿಗೆ ಹೋಗುವ ಪೈಪಿನ ಜಾಯಿಂಟನ್ನು ಬಟ್ಟೆ ಸುತ್ತಿ ಸ್ವಲ್ಪವೇ ಬಿಚ್ಚಿ. ಫ್ಲೂಯಿಡ್ ಚಿಮ್ಮಿ ಚಕ್ರ ಬಿಟ್ಟರೆ ತಪ್ಪು ಮಾಸ್ಟರ್ ಸಿಲಿಂಡರಿನೊಳಗಿದೆ. ಆ ಸಣ್ಣ ತೂತು ಕೆಸರು ಕಟ್ಟಿರಬಹುದು, ರಬ್ಬರ್ ಊದಿರಬಹುದು. ಫ್ಲೂಯಿಡ್ ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ. ಜಾಯಿಂಟ್ ಬಿಚ್ಚಿದ ಮೇಲೆ ಗಾಳಿ ತೆಗೆಯದೆ ರಸ್ತೆಗೆ ಇಳಿಸಬೇಡಿ.

ನೀವು ಬಿಚ್ಚಿ ಹಾಕಿದ ಹಳೆಯ ಕ್ಯಾಲಿಪರ್‌ಗಳು ಇದ್ದರೆ ಎಸೆಯಬೇಡಿ. ಅವು ಚೆನ್ನಾಗಿಯೇ ಇದ್ದವೆಂದು ನನ್ನ ಅಂದಾಜು.

ಪ್ರಶ್ನೆ: ಎಡ ಮುಂದಿನ ಚಕ್ರ ಮಾತ್ರ ಕೈ ಇಡಲಾಗದಷ್ಟು ಕಾಯುತ್ತದೆ. ಬ್ರೇಕ್ ಒತ್ತಿದ ಕೂಡಲೇ ಗಾಡಿ ಬಲಕ್ಕೆ ಎಳೆಯುತ್ತದೆ, ಕಾಲು ತೆಗೆದ ಮೇಲೆ ಸ್ವಲ್ಪ ದೂರ ಎಡಕ್ಕೆ ಎಳೆಯುತ್ತದೆ. ಕ್ಯಾಲಿಪರ್ ಹೋಗಿದೆ ಅನ್ನುತ್ತಾರೆ. ಹೋಸ್ ನೋಡಿದೆ, ಹೊರಗೆ ಒಂದು ಬಿರುಕೂ ಇಲ್ಲ.

ಉತ್ತರ: ಒತ್ತಿದಾಗ ಬಲಕ್ಕೆ, ಬಿಟ್ಟಾಗ ಎಡಕ್ಕೆ. ಇಷ್ಟು ಸರಿಯಾಗಿ ಗಮನಿಸಿ ಬರೆದದ್ದಕ್ಕೆ ನಿಮಗೆ ಧನ್ಯವಾದ ಹೇಳಬೇಕು, ಅರ್ಧ ಕೆಲಸ ನೀವೇ ಮುಗಿಸಿದ್ದೀರಿ. ಎಡಗಡೆ ಬ್ರೇಕ್ ತಡವಾಗಿ ಹಿಡಿಯುತ್ತಿದೆ, ಆದ್ದರಿಂದ ಮೊದಲು ಬಲದ್ದೇ ಗೆಲ್ಲುತ್ತದೆ. ಎಡಗಡೆಯದು ತಡವಾಗಿ ಬಿಡುತ್ತಿದೆ, ಆದ್ದರಿಂದ ಆಮೇಲೆ ಎಡಕ್ಕೆ. ಹೋಗುವ ದಾರಿಯೂ ಬರುವ ದಾರಿಯೂ ಕಿರಿದಾಗಿದೆ ಎಂದರ್ಥ. ನನ್ನ ಅನುಮಾನ ಕ್ಯಾಲಿಪರಿಗೆ ಫ್ಲೂಯಿಡ್ ತರುವ ರಬ್ಬರ್ ಹೋಸ್ ಮೇಲೆಯೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಒಂದು ಗಾಡಿಗೆ ನಾನು ಎರಡು ಸಲ ಕ್ಯಾಲಿಪರ್ ಬದಲಿಸಿದ್ದೆ. ಎರಡನೆಯದೂ ಕಾದಾಗ, ಬೇರೇನೂ ತೋಚದೆ ಹೋಸ್ ಬಿಚ್ಚಿದೆ. ಹೊರಮೈ ನೋಡಿದರೆ ನಿನ್ನೆ ಮೊನ್ನೆ ಹಾಕಿದಂತಿತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹೊರಗಿನ ರಬ್ಬರ್, ಅದರೊಳಗೆ ನೂಲಿನ ಹೆಣಿಗೆ, ಎರಡೂ ಸರಿಯಿದ್ದವು. ಒಳಗಿನ ಕೊಳವೆ ಮಾತ್ರ, ಹೋಸನ್ನು ಚಾಸಿಗೆ ಬಿಗಿಯುವ ಕಬ್ಬಿಣದ ಪಟ್ಟಿಯ ಕೆಳಗೆ, ನೆನೆದ ಚರ್ಮದ ಹಾಗೆ ಊದಿಕೊಂಡಿತ್ತು. ಅದರಿಂದ ಕಿತ್ತುಬಂದ ಒಂದು ಚೂರು ನಾಲಿಗೆಯಂತೆ ಕ್ಯಾಲಿಪರ್ ಕಡೆಗೆ ಬಾಗಿ ದಾರಿಗೆ ಅಡ್ಡ ನಿಂತಿತ್ತು. ಕಾಲಿನ ಬಲಕ್ಕೆ ಆ ನಾಲಿಗೆ ಸರಿದು ದಾರಿ ಬಿಡುತ್ತದೆ. ವಾಪಸ್ ಬರುವಾಗ ತಳ್ಳುವುದು ಸೀಲಿನ ಬಡ ಬಲ ಮಾತ್ರ, ಆಗ ಮುಚ್ಚಿಕೊಳ್ಳುತ್ತದೆ. ಎರಡು ಕ್ಯಾಲಿಪರಿನ ಖರ್ಚು ಹೊತ್ತ ಆ ಗಾಡಿಯವರ ಮುಖ ನನಗೆ ಇನ್ನೂ ನೆನಪಿದೆ. ಅಂದಿನಿಂದ ಬ್ಲೀಡರ್, ಅಂದರೆ ಕ್ಯಾಲಿಪರಿನ ಗಾಳಿ ತೆಗೆಯುವ ಸ್ಕ್ರೂ, ತೆರೆದು ನೋಡದೆ ನಾನು ಕ್ಯಾಲಿಪರ್ ಮುಟ್ಟಿಲ್ಲ.

ನೀವೂ ಹಾಗೆಯೇ ಮಾಡಿ. ಚಕ್ರ ಬಿಗಿ ಹಿಡಿದಿರುವಾಗಲೇ ಎತ್ತಿ, ಬ್ಲೀಡರ್ ನಿಪ್ಪಲ್‌ಗೆ ಸಣ್ಣ ಟ್ಯೂಬ್ ಹಾಕಿ ಅರ್ಧ ಸುತ್ತು ತೆರೆಯಿರಿ. ಫ್ಲೂಯಿಡ್ ಪುಸಕ್ಕನೆ ಬಂದು ಚಕ್ರ ಸಡಿಲವಾದರೆ ಕ್ಯಾಲಿಪರ್ ನಿರಪರಾಧಿ, ಒತ್ತಡ ಅದರ ಹಿಂದೆ ಎಲ್ಲೋ ಸಿಕ್ಕಿಕೊಂಡಿದೆ. ಬ್ಲೀಡರ್ ಮುಚ್ಚಿ, ಮತ್ತೆ ಪೆಡಲ್ ಒತ್ತಿ ಬಿಟ್ಟು ಚಕ್ರ ಬಿಗಿಯಾಗಲು ಬಿಡಿ. ಈ ಸಲ ಹೋಸ್ ಮತ್ತು ಕಬ್ಬಿಣದ ಪೈಪ್ ಸೇರುವ ಜಾಯಿಂಟ್ ತೆರೆಯಿರಿ. ಆಗ ಚಕ್ರ ಬಿಡದಿದ್ದರೆ ಹೋಸೇ ಕಳ್ಳ. ಬದಲಿಸುವಾಗ ಎಡ ಬಲ ಎರಡನ್ನೂ ಬದಲಿಸಿ, ಎರಡರ ವಯಸ್ಸೂ ಒಂದೇ ತಾನೇ. ಕೆಲಸ ಮಾಡುವವರು ಹೋಸನ್ನು ಪ್ಲೈಯರ್‌ನಿಂದ ಅದುಮುವುದನ್ನೂ, ಬಿಚ್ಚಿದ ಕ್ಯಾಲಿಪರನ್ನು ಅದರಲ್ಲೇ ನೇತುಹಾಕುವುದನ್ನೂ ಬಿಡಬೇಕು. ಒಳಗಿನ ಕೊಳವೆ ಹರಿಯುವುದು ಹೀಗೂ ಉಂಟು. ಒಂದು ತಂತಿ ತುಂಡಿನಿಂದ ಕ್ಯಾಲಿಪರನ್ನು ಮೇಲೆ ಕಟ್ಟಿದರೆ ಮುಗಿಯಿತು.

ಬ್ಲೀಡರ್ ತೆರೆದರೂ ಚಕ್ರ ಬಿಡದಿದ್ದರೆ ಮಾತ್ರ ಸಿಕ್ಕಿಕೊಂಡಿರುವುದು ಲೋಹ. ಆಗ ಪ್ಯಾಡ್ ತೆಗೆದು ಓದಿ. ನಿಜವಾಗಿಯೂ ಓದಬಹುದು. ಪ್ಯಾಡ್ ಓರೆಯಾಗಿ, ಒಂದು ತುದಿ ದಪ್ಪ ಒಂದು ತುದಿ ತೆಳುವಾಗಿ ಸವೆದಿದ್ದರೆ ಕ್ಯಾಲಿಪರ್ ಜಾರುವ ಪಿನ್‌ಗಳು ಹಿಡಿದಿವೆ. ಹೊರ ಪ್ಯಾಡಿಗಿಂತ ಒಳ ಪ್ಯಾಡ್ ಬಹಳ ಸವೆದಿದ್ದರೆ ಪಿಸ್ಟನ್ ಅಥವಾ ಪಿನ್, ಎರಡನ್ನೂ ನೋಡಬೇಕು. ಪ್ಯಾಡ್ ತನ್ನ ಚೌಕಟ್ಟಿನಲ್ಲಿ ಕೈಯಿಂದ ಸರಾಗ ಜಾರದಿದ್ದರೆ ಕ್ಲಿಪ್ ಕೆಳಗೆ ತುಕ್ಕು ಬೆಳೆದಿದೆ. ಕ್ಲಿಪ್ ತೆಗೆದು ಹೊಳೆಯುವವರೆಗೆ ಉಜ್ಜಿ. ಕೆಲವು ಕ್ಯಾಲಿಪರ್‌ಗಳಲ್ಲಿ ಎರಡು ಪಿನ್ ಒಂದೇ ತರ ಇರುವುದಿಲ್ಲ, ಒಂದರ ತುದಿಗೆ ರಬ್ಬರ್ ಬುಶ್ ಇರುತ್ತದೆ. ಅದಲುಬದಲಾದರೆ ಹೊಸ ಪಿನ್ನೂ ಹಿಡಿಯುತ್ತದೆ. ಬಿಚ್ಚುವಾಗಲೇ ಯಾವುದು ಮೇಲೆ, ಯಾವುದು ಕೆಳಗೆ ಎಂದು ಗುರುತು ಹಾಕಿ. ಪಿನ್ನಿಗೆ ಬ್ರೇಕಿನ ಸಿಲಿಕೋನ್ ಗ್ರೀಸ್ ಮಾತ್ರ. ಬೇರಿಂಗ್ ಗ್ರೀಸ್ ಹಾಕಿದರೆ ರಬ್ಬರ್ ಊದಿ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ. ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅದು ಶ್ವಾಸಕೋಶಕ್ಕೆ ಹೋಗುವ ವಸ್ತುವಲ್ಲ.

ಇನ್ನೊಂದು. ಬಿಸಿ ಅಳೆಯುವ ಗನ್ ಇದ್ದರೆ ಅದನ್ನು ಡಿಸ್ಕಿನ ಹೊಳೆಯುವ ಮುಖಕ್ಕೆ ಹಿಡಿಯಬೇಡಿ. ಹೊಳೆಯುವ ಲೋಹ ಇರುವ ಬಿಸಿಗಿಂತ ಕಡಿಮೆ ತೋರಿಸುತ್ತದೆ. ಡಿಸ್ಕಿನ ತುಕ್ಕು ಹಿಡಿದ ಅಂಚಿಗೆ, ಎಡಕ್ಕೂ ಬಲಕ್ಕೂ ಒಂದೇ ಜಾಗಕ್ಕೆ ಹಿಡಿದು ಎರಡನ್ನೂ ಹೋಲಿಸಿ. ಆಮೇಲೆ ಚಕ್ರದ ನಡುವಿನ ಹಬ್ಬಿನ ಮೇಲೂ ಒಮ್ಮೆ ಹಿಡಿಯಿರಿ. ಡಿಸ್ಕಿಗಿಂತ ಹಬ್ಬೇ ಹೆಚ್ಚು ಕಾದಿದ್ದರೆ ಅದು ಬ್ರೇಕಿನ ತಪ್ಪೇ ಅಲ್ಲ, ಬೇರಿಂಗಿನದು.

ಪ್ರಶ್ನೆ: ಖಾಲಿ ಗಾಡಿಯಲ್ಲಿ ಯಾವ ತೊಂದರೆಯೂ ಇಲ್ಲ. ಲೋಡ್ ಹಾಕಿ ಉದ್ದದ ಇಳಿಜಾರು ಇಳಿಯುವಾಗ ಮುಂದಿನ ಚಕ್ರಗಳಿಂದ ಹೊಗೆ ಬರುತ್ತದೆ. ಕಳೆದ ವಾರ ಅರ್ಧ ದಾರಿಯಲ್ಲಿ ಪೆಡಲ್ ನೆಲಕ್ಕೆ ಹೋಯಿತು. ಹೇಗೋ ನಿಲ್ಲಿಸಿದೆ. ಒಂದು ಗಂಟೆ ಬಿಟ್ಟು ನೋಡಿದರೆ ಬ್ರೇಕ್ ಸರಿಯಾಗಿದೆ! ಲೋಡಿಗೆಂದು ಹಿಂದಿನ ಸ್ಪ್ರಿಂಗ್‌ಗಳಿಗೆ ಒಂದೊಂದು ಪಟ್ಟಾ ಹೆಚ್ಚು ಹಾಕಿಸಿದ್ದೇನೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ನೀವು ಕ್ಷೇಮವಾಗಿ ಪತ್ರ ಬರೆದಿರುವುದೇ ದೊಡ್ಡದು. ಫ್ಲೂಯಿಡ್ ಬದಲಿಸುವವರೆಗೆ ಆ ಗಾಡಿಗೆ ಲೋಡ್ ಹಾಕಬೇಡಿ, ದಯವಿಟ್ಟು.

ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಪೆಡಲ್ ನೆಲಕ್ಕೆ ಇಳಿದು, ತಣಿದ ಮೇಲೆ ವಾಪಸ್ ಬಂದರೆ ಫ್ಲೂಯಿಡ್ ಕುದಿದಿದೆ. ಕುದಿದಾಗ ಏಳುವ ಆವಿಯನ್ನು ಅದುಮಬಹುದು, ದ್ರವದಂತೆ ಅದು ಒತ್ತಡ ದಾಟಿಸುವುದಿಲ್ಲ. ನಿಮಗಾದದ್ದು ಎರಡನೆಯದು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಫ್ಲೂಯಿಡ್ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. 3.7% ನೀರು ಸೇರಿದಾಗ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ. ಅಂದ ಹಾಗೆ ಡಾಟ್ 5 ಎಂಬುದು ಸಿಲಿಕೋನ್, ಸಂಖ್ಯೆ ದೊಡ್ಡದೆಂದು ಅದನ್ನು ಬೆರೆಸಬೇಡಿ. ಡಾಟ್ 5.1 ಬೇರೆ, ಅದು 3 ಮತ್ತು 4ರ ಜಾತಿಯದೇ.

ಒಂದು ಲೆಕ್ಕ ನೋಡಿ. ಲೋಡ್ ಸೇರಿ 2,500 ಕಿಲೋ ಇರುವ ಗಾಡಿಯನ್ನು 80 ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲಿಸಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 617 ಕಿಲೋಜೂಲ್. ಅದೇ ಗಾಡಿ 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 12,260 ಕಿಲೋಜೂಲ್. ಎಂದರೆ 80ರ ವೇಗದಿಂದ ಇಪ್ಪತ್ತು ಸಲ, ನಡುವೆ ಉಸಿರಾಡಲು ಬಿಡದೆ ನಿಲ್ಲಿಸಿದಷ್ಟು. ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರಬೇಕು. ಇಳಿಜಾರು ಶುರುವಾಗುವ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿ. ನ್ಯೂಟ್ರಲ್ ಮಾತೇ ಬೇಡ. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇಳಿಯುವ ಬದಲು, ವೇಗ ಏರಿದಾಗ ಗಟ್ಟಿಯಾಗಿ ಒತ್ತಿ ತಗ್ಗಿಸಿ, ಪೂರ್ತಿ ಬಿಡಿ.

ಇನ್ನು ಪಟ್ಟಾ. ಸಂಬಂಧ ಖಂಡಿತ ಇರಬಹುದು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಒಂದು ಸಣ್ಣ ರಾಡ್ ಚಾಸಿಯ ಮೇಲಿನ ಒಂದು ವಾಲ್ವಿಗೆ ಹೋಗುತ್ತದೆ. ಲೋಡ್ ಬಿದ್ದು ಚಾಸಿ ತಗ್ಗಿದಾಗ ಆ ರಾಡ್ ವಾಲ್ವನ್ನು ತಿರುಗಿಸಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಪಟ್ಟಾ ಸೇರಿಸಿದ ಮೇಲೆ ಎಷ್ಟು ಲೋಡ್ ಹಾಕಿದರೂ ಚಾಸಿ ಮೊದಲಿನಷ್ಟು ತಗ್ಗುವುದಿಲ್ಲ. ವಾಲ್ವು ಗಾಡಿ ಖಾಲಿಯೆಂದೇ ತಿಳಿದಿರುತ್ತದೆ, ಹಿಂದಿನ ಬ್ರೇಕಿನ ಪಾಲನ್ನೂ ಮುಂದಿನದೇ ಹೊರುತ್ತದೆ. ಸಮತಟ್ಟು ರಸ್ತೆಯಲ್ಲಿ ಏಳೆಂಟು ಸಲ ಸಾಧಾರಣವಾಗಿ ಬ್ರೇಕ್ ಹಾಕಿ, ನಿಲ್ಲಿಸಿ, ಹಿಂದಿನ ಡ್ರಮ್ಮಿನ ಬಿಸಿ ನೋಡಿ. ಮುಂದೆ ಸುಡುತ್ತಿದ್ದು ಹಿಂದೆ ತಣ್ಣಗೇ ಇದ್ದರೆ ಹಿಂದಿನದು ಕೆಲಸವನ್ನೇ ಮಾಡುತ್ತಿಲ್ಲ. ರಾಡಿನ ಅಳತೆ ಸರಿಪಡಿಸಬೇಕು. ಲೈನರ್ ಸೆಟ್ಟಿಂಗ್, ತುಕ್ಕು ಹಿಡಿದು ನಿಂತ ಅಡ್ಜಸ್ಟರ್, ವೀಲ್ ಸಿಲಿಂಡರ್ ಕೂಡ ನೋಡಿಸಿ. ಹೆಚ್ಚುವರಿ ಪಟ್ಟಾ ಹಾಕಿದರೆ ಗಾಡಿಗೆ ನಿಗದಿಯಾದ ಒಟ್ಟು ತೂಕ ಹೆಚ್ಚುವುದಿಲ್ಲ ಎಂಬುದೂ ಗಮನದಲ್ಲಿರಲಿ.

ಮತ್ತೆಂದಾದರೂ ಪೆಡಲ್ ಇಳಿದರೆ ಬೇಗಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲಮೆಲ್ಲಗೆ ಎಳೆಯಿರಿ. ಎಂಜಿನ್ ಆರಿಸಬೇಡಿ, ಬೂಸ್ಟರ್ ಸಹಾಯವೂ ಸ್ಟೀರಿಂಗ್ ಸಹಾಯವೂ ಹೋಗುತ್ತದೆ. ನಿಂತ ಮೇಲೆ ಕಾದ ಡಿಸ್ಕಿಗೆ ನೀರು ಸುರಿದರೆ ಎರಕದ ಕಬ್ಬಿಣ ಸೀಳಬಹುದು. ತಾನಾಗಿ ತಣಿಯಲಿ.

ಪ್ರಶ್ನೆ: ಬ್ರೇಕ್ ಆಯಿಲ್ ಕಡಿಮೆಯಾಗಿತ್ತೆಂದು ಮನೆಯಲ್ಲಿದ್ದ ಪವರ್ ಸ್ಟೀರಿಂಗ್ ಆಯಿಲ್ ಸ್ವಲ್ಪ ಹಾಕಿದೆ. ನಾಲ್ಕು ದಿನದಿಂದ ನಾಲ್ಕೂ ಚಕ್ರ ಬಿಗಿ, ಮುಂದಿನವು ತುಂಬಾ ಬಿಸಿ. ಹೊಸ ಆಯಿಲ್ ಹಾಕಿ ಗಾಳಿ ತೆಗೆದರೆ ಸಾಕೇ?

ಉತ್ತರ: ಸಾಲದು. ಬ್ರೇಕ್ ಆಯಿಲ್ ಎಂದು ನಾವೆಲ್ಲ ಕರೆಯುವ ಆ ಹೆಸರೇ ಮೋಸ ಮಾಡಿತು, ಅದು ಎಣ್ಣೆಯೇ ಅಲ್ಲ. ಎಣ್ಣೆ ತಾಗಿದರೆ ಬ್ರೇಕಿನ ರಬ್ಬರ್‌ಗಳು ಊದುತ್ತವೆ. ಡಬ್ಬಿಯ ಮುಚ್ಚಳದೊಳಗಿನ ರಬ್ಬರ್ ತೆಗೆದು ಮತ್ತೆ ಅದರ ಜಾಗಕ್ಕೆ ಕೂರಿಸಿ ನೋಡಿ. ಸುಕ್ಕುಗಟ್ಟಿ, ಅಗಲವಾಗಿ, ಕೂರದೆ ಹೋದರೆ ಒಳಗಿನ ಸೀಲ್‌ಗಳ ಗತಿಯೂ ಅದೇ. ಇನ್ನೂ ಅನುಮಾನವಿದ್ದರೆ ಡಬ್ಬಿಯಿಂದ ಸ್ವಲ್ಪ ತೆಗೆದು ಗಾಜಿನ ಲೋಟದ ನೀರಿಗೆ ಬಿಡಿ. ಬ್ರೇಕ್ ಫ್ಲೂಯಿಡ್ ನೀರಿನಲ್ಲಿ ಕರಗಿಹೋಗುತ್ತದೆ, ಎಣ್ಣೆ ಮೇಲೆ ತೇಲುತ್ತದೆ.

ಮಾಸ್ಟರ್ ಸಿಲಿಂಡರ್, ಮುಂದಿನ ಕ್ಯಾಲಿಪರ್‌ಗಳ ಸೀಲ್, ಹಿಂದಿನ ವೀಲ್ ಸಿಲಿಂಡರ್, ಎಲ್ಲ ಹೋಸ್‌ಗಳು ಬದಲಾಗಬೇಕು. ಕಬ್ಬಿಣದ ಪೈಪುಗಳನ್ನು ಪೂರ್ತಿ ತೊಳೆಯಬೇಕು. ಎಬಿಎಸ್ ಇದ್ದರೆ ಅದರ ಯೂನಿಟ್ಟನ್ನೂ ತಿಳಿದವರ ಕೈಯಲ್ಲಿ ನೋಡಿಸಿ. ಖರ್ಚು ದೊಡ್ಡದು, ಬರೆಯುವಾಗ ನನಗೂ ಬೇಸರವಾಗುತ್ತಿದೆ, ಆದರೆ ಇದರಲ್ಲಿ ಅಡ್ಡದಾರಿ ಇಲ್ಲ. ಊದಿದ ರಬ್ಬರ್ ಮತ್ತೆ ಮೊದಲಿನಂತಾಗುವುದಿಲ್ಲ. ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.

ಆ ಎಣ್ಣೆ ಸುರಿಯಲು ಬಳಸಿದ ಫನೆಲ್ ಇನ್ನೂ ಶೆಲ್ಫಿನಲ್ಲೇ ಇದ್ದರೆ ಇವತ್ತೇ ಬಿಸಾಡಿ. ಹೊಸ ಫ್ಲೂಯಿಡ್ ಅದರಿಂದ ಹಾಯಬಾರದು.